ಬೆಕ್ಕು ಇದ್ದಕ್ಕಿದ್ದಂತೆ ಕುಂಟಿದಾಗ

ಸಾಕುಬೆಕ್ಕು ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಅದಕ್ಕೆ ಪಾದದ ಮೆತ್ತೆಯಲ್ಲಿ ಮುರಿದುಕೊಂಡ ಜಾಲಿಮುಳ್ಳು ಕಾರಣವಿರಬಹುದು. ಹೃದಯದಿಂದ ಹೊರಟು ಹಿಂಗಾಲುಗಳ ರಕ್ತನಾಳವನ್ನು ಮುಚ್ಚಿದ ಹೆಪ್ಪೂ ಕಾರಣವಿರಬಹುದು. ಮುಳ್ಳಾದರೆ ಮನೆಯಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುವ ಕೆಲಸ. ಹೆಪ್ಪಾದರೆ ಒಂದೆರಡು ಗಂಟೆ ತಡವಾದರೂ ಪ್ರಾಣಕ್ಕೆ ಎರವಾಗಬಹುದು. ದೂರದಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಬೆಕ್ಕು ಕಾಲೂರುತ್ತಿಲ್ಲ. ಹಾಗಾಗಿ ಯಾವ ಔಷಧ ಕೊಡುವುದು ಎಂದು ಯೋಚಿಸುವ ಮೊದಲು ಮನೆಯವರು ತೀರ್ಮಾನಿಸಬೇಕಾದದ್ದು, ಈಗಲೇ ಹೊರಡಬೇಕೇ ಅಥವಾ ನಾಳೆಯವರೆಗೆ ಕಾಯಬಹುದೇ ಎಂಬುದನ್ನು. ಚಿಕಿತ್ಸೆ ವೈದ್ಯರ ಕೆಲಸ. ನೋಡುವುದು, ತುರ್ತನ್ನು ಗುರುತಿಸುವುದು, ಬೆಕ್ಕನ್ನು ಓಡಾಡದಂತೆ ಇಡುವುದು ಮನೆಯವರ ಕೆಲಸ. ಈ ಉಪನ್ಯಾಸ ಹೆಚ್ಚಾಗಿ ಮನೆಯವರ ಕೆಲಸವನ್ನು ಕುರಿತದ್ದು.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಕಾಲು ನೊಂದ ನಾಯಿ ಕುಂಯ್‌ಗುಟ್ಟುತ್ತಾ ಯಜಮಾನನ ಬಳಿ ಬರುತ್ತದೆ; ಬೆಕ್ಕು ಮಂಚದ ಕೆಳಗೋ ಅಟ್ಟದ ಮೂಲೆಗೋ ಹೋಗಿ ಮುದುಡಿಕೊಳ್ಳುತ್ತದೆ. ಇಲಿ, ಹಲ್ಲಿಗಳನ್ನು ಬೇಟೆಯಾಡುವ ಈ ಪ್ರಾಣಿ ನಾಯಿ, ನರಿಗಳಿಗೆ ತಾನೇ ಬೇಟೆಯೂ ಹೌದು. ದುರ್ಬಲವಾಗಿ ಕಂಡರೆ ಅಪಾಯ ಎಂಬ ಎಚ್ಚರ ಅದರ ರಕ್ತದಲ್ಲೇ ಇದೆ. ಆದ್ದರಿಂದ ಕುಂಟು ಕಣ್ಣಿಗೆ ಬೀಳುವ ಹೊತ್ತಿಗೆ ನೋವು ಬಚ್ಚಿಡಲಾಗದಷ್ಟು ಬೆಳೆದಿರುತ್ತದೆ. ಅದು ಕೂಗುತ್ತಿಲ್ಲ, ಅಂದರೆ ನೋವಿಲ್ಲ ಎಂದುಕೊಳ್ಳುವುದು ಬೆಕ್ಕು ಸಾಕುವ ಮನೆಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು. ತೀವ್ರ ನೋವಿನಲ್ಲೂ ಕೆಲವು ಬೆಕ್ಕುಗಳು ಗುರುಗುಟ್ಟುತ್ತಲೇ ಇರುತ್ತವೆ ಎಂಬುದನ್ನೂ ನೆನಪಿಡಬೇಕು.

ಕಾಲುಗಳ ರಚನೆಯನ್ನು ಸ್ವಲ್ಪ ತಿಳಿದಿದ್ದರೆ ನೋಡುವ ಕಣ್ಣು ಚುರುಕಾಗುತ್ತದೆ. ಬೆಕ್ಕು ಬೆರಳುಗಳ ಮೇಲೆ ನಡೆಯುತ್ತದೆ, ಅದರ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಮುಂಗಾಲಿಗೆ 5, ಹಿಂಗಾಲಿಗೆ 4 ಬೆರಳು. ಒಟ್ಟು 18 ಉಗುರು. ಮುಂಗಾಲಿನ ಐದನೆಯ ಬೆರಳು ನೆಲಕ್ಕೆ ತಾಗದೆ ಒಳಬದಿಯಲ್ಲಿ ಮೇಲೆ ಇರುವುದರಿಂದ ಅದರ ಉಗುರು ಸವೆಯುವುದಿಲ್ಲ, ಅದನ್ನು ಯಾರೂ ಗಮನಿಸುವುದೂ ಇಲ್ಲ. ಕೊರಳೆಲುಬು ಬೇರೆ ಮೂಳೆಗಳಿಗೆ ಕೂಡಿಕೊಳ್ಳದೆ ಸ್ನಾಯುಗಳ ನಡುವೆ ಹುದುಗಿರುತ್ತದೆ. ಇಕ್ಕಟ್ಟಾದ ಸಂದಿಯಲ್ಲಿ ನುಸುಳಲೂ ಎತ್ತರದಿಂದ ಹಾರಿದಾಗ ಪೆಟ್ಟನ್ನು ಮುಂಗಾಲುಗಳ ಸ್ನಾಯುಗಳಲ್ಲೇ ಇಂಗಿಸಿಕೊಳ್ಳಲೂ ಬೆಕ್ಕಿಗೆ ಆಗುವುದು ಇದರಿಂದ. ಮೈಭಾರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಂಗಾಲುಗಳೇ ಹೊರುತ್ತವೆ.

ಯಾವ ಕಾಲು ನೊಂದಿದೆ ಎಂದು ತಿಳಿಯಲು ಬೆಕ್ಕನ್ನು ಮುಟ್ಟದೆ ನೋಡಬೇಕು. ಕೋಣೆಯ ಬಾಗಿಲು ಹಾಕಿ, ಅದಕ್ಕೆ ಇಷ್ಟವಾದ ತಿಂಡಿಯನ್ನು ದೂರದಲ್ಲಿಟ್ಟು, ಅದು ನಡೆದು ಬರುವಾಗ ಗಮನಿಸಬೇಕು. ಮುಂಗಾಲು ನೊಂದಿದ್ದರೆ ಆ ಕಾಲು ನೆಲ ಮುಟ್ಟುವಾಗ ತಲೆ ಮೇಲಕ್ಕೇಳುತ್ತದೆ, ಭಾರ ಒಳ್ಳೆಯ ಕಾಲಿನ ಮೇಲೆ ಬಿದ್ದಾಗ ತಗ್ಗುತ್ತದೆ. ಹಿಂಗಾಲಿನ ನೋವಿನಲ್ಲಿ ಸೊಂಟದ ಆ ಬದಿ ಎದ್ದೆದ್ದು ಬೀಳುತ್ತದೆ. ಕಾಲನ್ನು ಪೂರ್ತಿ ಎತ್ತಿಕೊಂಡಿದೆಯೋ, ಬೆರಳ ತುದಿಯನ್ನಷ್ಟೇ ತಾಗಿಸುತ್ತಿದೆಯೋ, ಎಳೆದುಕೊಂಡು ಹೋಗುತ್ತಿದೆಯೋ ಎಂಬ ವ್ಯತ್ಯಾಸ ಮುಖ್ಯ. ಎತ್ತಿ ಹಿಡಿದ ಕಾಲು ನೋವನ್ನು ಹೇಳುತ್ತದೆ. ಎಳೆದಾಡುವ, ಪಾದದ ಮೇಲ್ಭಾಗ ನೆಲಕ್ಕೆ ಉಜ್ಜುವ ಕಾಲು ನರಕ್ಕೆ ಪೆಟ್ಟಾಗಿರುವುದನ್ನು ಅಥವಾ ರಕ್ತ ಹರಿಯದಿರುವುದನ್ನು ಸೂಚಿಸುತ್ತದೆ. ಈ ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಹೆದರಿ ಮುದುಡಿ ಕೂರುತ್ತದೆ, ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅರ್ಧ ನಿಮಿಷದ ಆ ಚಿತ್ರ ಅಲ್ಲಿ ಬಹಳ ಬೆಲೆಬಾಳುತ್ತದೆ.

ಕೆಲವು ಲಕ್ಷಣಗಳು ಕಂಡರೆ ಮುಂದಿನ ಪರೀಕ್ಷೆಗೆ ಕೂರದೆ ಹೊರಡಬೇಕು. ಕಾಲು ಅಸಹಜ ಕೋನದಲ್ಲಿ ಜೋತಾಡುತ್ತಿದೆ, ಮೂಳೆ ಚರ್ಮ ಹರಿದು ಹೊರಬಂದಿದೆ, ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ, ಬಾಯಿ ತೆರೆದು ಉಸಿರಾಡುತ್ತಿದೆ, ಒಸಡು ಬಿಳಿಚಿದೆ ಅಥವಾ ನೀಲಿಗಟ್ಟಿದೆ, ವಾಹನ ಬಡಿದಿದೆ ಅಥವಾ ಎತ್ತರದಿಂದ ಬಿದ್ದಿದೆ, ಬಿದ್ದ ಮೇಲೆ ಮೂತ್ರ ಮಾಡಿಲ್ಲ. ಇವುಗಳಲ್ಲಿ ಯಾವುದೊಂದಿದ್ದರೂ ರಾತ್ರಿಯೆಂದು ಕಾಯುವಂತಿಲ್ಲ. ಬಾಲ ಜೋತುಬಿದ್ದಿದ್ದರೆ ಮೂತ್ರದ ಕಡೆ ವಿಶೇಷ ಗಮನ ಬೇಕು. ಬಾಲ ಚಕ್ರಕ್ಕೆ ಸಿಕ್ಕಿ ಎಳೆದುಹೋದಾಗ ಮೂತ್ರಕೋಶಕ್ಕೆ ಹೋಗುವ ನರಗಳೂ ಹರಿದಿರಬಹುದು.

ತುರ್ತುಗಳಲ್ಲೆಲ್ಲ ಜನರಿಗೆ ತೀರ ಕಡಿಮೆ ಗೊತ್ತಿರುವುದು ರಕ್ತದ ಹೆಪ್ಪು. ಬೆಕ್ಕುಗಳ ಹೃದಯದ ಸ್ನಾಯು ದಪ್ಪಗಟ್ಟುವ ಕಾಯಿಲೆಯೊಂದಿದೆ. ಅದು ವರ್ಷಗಟ್ಟಲೆ ಹೊರಗೆ ಕಾಣದಂತೆ ಬೆಳೆಯುತ್ತದೆ; ಬೆಕ್ಕು ತಿಂದುಂಡು ಚೆನ್ನಾಗಿಯೇ ಇರುತ್ತದೆ. ಹಿಗ್ಗಿದ ಹೃದಯದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಒಂದು ದಿನ ಆ ಹೆಪ್ಪು ಕಳಚಿಕೊಂಡು ಮಹಾಪಧಮನಿಯಲ್ಲಿ ಹರಿದು, ಅದು ಎರಡು ಹಿಂಗಾಲುಗಳ ಕಡೆಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬೆಕ್ಕು ಒಮ್ಮೆಲೇ ಚೀರುತ್ತದೆ, ಹಿಂಗಾಲುಗಳು ಸೋತು ಎಳೆದಾಡುತ್ತವೆ. ಮುಟ್ಟಿ ನೋಡಿದರೆ ಹಿಂಪಾದಗಳು ಮುಂಪಾದಗಳಿಗಿಂತ ತಣ್ಣಗಿರುತ್ತವೆ, ಮೆತ್ತೆಗಳು ಬಿಳಿಚಿರುತ್ತವೆ ಅಥವಾ ನೇರಳೆಗಟ್ಟಿರುತ್ತವೆ, ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಕೆಲವೊಮ್ಮೆ ಒಂದೇ ಕಾಲು, ಅಪರೂಪಕ್ಕೆ ಮುಂಗಾಲು ಹೀಗಾಗುವುದುಂಟು. ಇದು ಬೆಕ್ಕು ಅನುಭವಿಸಬಹುದಾದ ಅತಿ ಘೋರ ನೋವುಗಳಲ್ಲಿ ಒಂದು. ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಯಾವುದೂ ಸಲ್ಲದು. ವೈದ್ಯರು ಮೊದಲು ಮಾಡುವುದು ಬಲವಾದ ನೋವುನಿವಾರಕ ಕೊಡುವುದು, ನಂತರ ಹೆಪ್ಪು ಬೆಳೆಯದಂತೆ ತಡೆಯುವ ಔಷಧ. ಒಂದೇ ಕಾಲಿಗೆ ಆದ ಬೆಕ್ಕುಗಳು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಎರಡೂ ಹಿಂಗಾಲು ಹೋದಾಗ ಉಳಿಸುವುದು ಕಷ್ಟ. ಕುಂಟುವ ಬೆಕ್ಕಿನ ನಾಲ್ಕೂ ಪಾದಗಳನ್ನು ಮುಟ್ಟಿ ಬಿಸಿ ಹೋಲಿಸಿ ನೋಡುವ ಅಭ್ಯಾಸವೊಂದನ್ನು ಪ್ರತಿ ಮನೆಯೂ ಕಲಿತರೆ ಈ ಕಾಯಿಲೆ ತಡವಾಗಿ ಪತ್ತೆಯಾಗುವುದು ಎಷ್ಟೋ ಕಡಿಮೆಯಾದೀತು.

ಎತ್ತರದಿಂದ ಬೀಳುವುದು ಬೆಂಗಳೂರಿನಂಥ ಊರುಗಳ ಬಹುಮಹಡಿ ಬದುಕಿನೊಂದಿಗೆ ಬಂದ ಸಮಸ್ಯೆ. ಬೆಕ್ಕು ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಬಾಲ್ಕನಿಗೆ ಜಾಲರಿ ಹಾಕಿಸದವರು ಬಹಳ. ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದಕ್ಕೆ 1984ರಲ್ಲಿ ಐದು ತಿಂಗಳ ಅವಧಿಯಲ್ಲಿ ಹೀಗೆ ಮಹಡಿಗಳಿಂದ ಬಿದ್ದು ಬಂದ 132 ಬೆಕ್ಕುಗಳ ವಿವರ 1987ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು ಎಂಬ ಅಂಶ ಜನಪ್ರಿಯವಾಯಿತು. ಬಿದ್ದಲ್ಲೇ ಸತ್ತ ಬೆಕ್ಕುಗಳನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲ ಎಂಬುದನ್ನು ಮರೆತು ಈ ಸಂಖ್ಯೆಯನ್ನು ಓದಬಾರದು. ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ಅಂಗುಳಿನ ಸೀಳು, ಕಾಲಿನ ಮುರಿತಗಳು ಸಾಮಾನ್ಯ. ಬಿದ್ದ ಬೆಕ್ಕು ಸ್ವಲ್ಪ ಮಾತ್ರ ಕುಂಟುತ್ತಿದ್ದರೂ ಅದರ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿರಬಹುದು; ಕಾಲಿಗಿಂತ ಮೊದಲು ಉಸಿರನ್ನು ನೋಡಬೇಕಾದ್ದು ಅದಕ್ಕಾಗಿ. ಮಲಗಿರುವಾಗ ಬೆಕ್ಕಿನ ಉಸಿರು ನಿಮಿಷಕ್ಕೆ 30 ದಾಟಬಾರದು.

ಈ ತುರ್ತುಗಳು ಇಲ್ಲವೆಂದು ಖಚಿತವಾದ ಮೇಲೆ ಕಾಲನ್ನು ಹತ್ತಿರದಿಂದ ನೋಡಬಹುದು. ಇಬ್ಬರಿದ್ದರೆ ಸುಲಭ. ಒಬ್ಬರು ದಪ್ಪ ಟವೆಲ್ಲಿನಲ್ಲಿ ಬೆಕ್ಕನ್ನು ಸುತ್ತಿ ಮಡಿಲಲ್ಲಿ ಹಿಡಿಯಬೇಕು, ಇನ್ನೊಬ್ಬರು ಒಂದೊಂದೇ ಕಾಲನ್ನು ಹೊರತೆಗೆದು ನೋಡಬೇಕು. ಚೆನ್ನಾಗಿರುವ ಕಾಲಿನಿಂದ ಆರಂಭಿಸುವುದು ಕ್ರಮ. ನೊಂದ ಕಾಲು ಕೊನೆಗೆ. ಉಗುರುಗಳು, ಬೆರಳ ಸಂದಿ, ಮೆತ್ತೆ, ಆಮೇಲೆ ಮೆಲ್ಲಗೆ ಒತ್ತುತ್ತಾ ಮೇಲಕ್ಕೆ. ಎಲ್ಲಿ ಬೆಕ್ಕು ಕಾಲನ್ನು ಸೆಳೆದುಕೊಳ್ಳುತ್ತದೋ, ಬುಸುಗುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು. ನೋವಿನಲ್ಲಿರುವ ಬೆಕ್ಕು ಹಾಲೂಡಿಸಿ ಬೆಳೆಸಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಲಸಿಕೆ ಆಗದ, ಬೀದಿ ಸುತ್ತುವ ಬೆಕ್ಕು ಕಾಲು ಎಳೆಯುವುದರ ಜೊತೆಗೆ ಜೊಲ್ಲು ಸುರಿಸುತ್ತಿದ್ದರೆ, ಸ್ವಭಾವ ಪೂರ್ತಿ ಬದಲಾಗಿದ್ದರೆ, ಅದನ್ನು ಬರಿಗೈಯಲ್ಲಿ ಮುಟ್ಟಲೇಬಾರದು.

ಹೀಗೆ ನೋಡಿದಾಗ ಮನೆಯಲ್ಲೇ ಪರಿಹಾರವಾಗುವ ಕೆಲವು ಕಾರಣಗಳು ಸಿಗುತ್ತವೆ. ತುದಿ ಹೊರಗೆ ಕಾಣುವ ಮುಳ್ಳನ್ನು ಚಿಮಟದಿಂದ ನೇರವಾಗಿ ಎಳೆದು ತೆಗೆಯಬಹುದು. ಒಳಗೆ ಹೂತದ್ದನ್ನು ಸೂಜಿಯಿಂದ ಕೆದಕಬಾರದು. ಮಕ್ಕಳು ಆಟಕ್ಕೆ ಹಾಕಿದ ರಬ್ಬರ್‌ಬ್ಯಾಂಡ್, ಕೂದಲು, ದಾರ ಕಾಲಿಗೆ ಬಿಗಿದುಕೊಂಡು ಉದ್ದ ರೋಮದ ಪರ್ಷಿಯನ್ ಬೆಕ್ಕುಗಳಲ್ಲಿ ಕಾಣದೇ ಹೋಗುತ್ತದೆ. ಅದನ್ನು ಕತ್ತರಿಸಿದ ಮೇಲೂ ಪಾದ ಊದಿಕೊಂಡೇ ಇದ್ದರೆ ವೈದ್ಯರು ನೋಡಬೇಕು. ಇಲಿ ಹಿಡಿಯುವ ಗಮ್ ಪ್ಯಾಡಿಗೆ ಪಾದ ಅಂಟಿಕೊಂಡರೆ ಎಳೆಯದೆ ಅಡುಗೆ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬೇಕು. ವಯಸ್ಸಾದ ಬೆಕ್ಕಿನಲ್ಲಿ ಉಗುರು ಬಳಸಿಕೊಂಡು ಬೆಳೆದು ಮೆತ್ತೆಗೇ ಚುಚ್ಚಿರುವುದುಂಟು, ಬಹುಮಟ್ಟಿಗೆ ಅದೇ ಮುಂಗಾಲಿನ ಒಳಬದಿಯ ಉಗುರು. ಒಲೆಯ ಮೇಲೆ ಹಾರಿ ಮೆತ್ತೆ ಸುಟ್ಟುಕೊಂಡಿದ್ದರೆ ತಣ್ಣೀರಿನಲ್ಲಿ ನೆನೆಸಿದ ಬಟ್ಟೆ ಸಾಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ ಬೇಡ. ಸಣ್ಣ ಗಾಯ ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿದರೆ ಆಯಿತು.

ಆ ಗಾಯಕ್ಕೆ ಡೆಟಾಲ್ ಹಾಕಬಾರದು. ಡೆಟಾಲ್ ಮತ್ತು ನೆಲ ಒರೆಸುವ ಫಿನಾಯಿಲ್‌ನಂಥ ದ್ರವಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು, ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಇದೇ ಯಕೃತ್ತಿನ ಕೊರತೆ ಇನ್ನೂ ದೊಡ್ಡ ಅಪಾಯಕ್ಕೆ ದಾರಿ ಮಾಡುತ್ತದೆ, ಅದು ಪ್ಯಾರಸಿಟಮಾಲ್. ಮನುಷ್ಯರ ಯಕೃತ್ತು ಈ ಔಷಧವನ್ನು ಗ್ಲುಕುರೋನಿಕ್ ಆಮ್ಲಕ್ಕೆ ಜೋಡಿಸಿ ಮೂತ್ರದಲ್ಲಿ ಕಳಿಸುತ್ತದೆ. ಆ ಜೋಡಣೆಗೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಔಷಧ ವಿಷವಾಗಿ ಮಾರ್ಪಟ್ಟು ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗಿ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದುತ್ತವೆ, ಏದುಸಿರು ಬರುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ 500 ಮಿಲಿಗ್ರಾಂನ ಒಂದು ಮಾತ್ರೆ ಎಂದರೆ ಕಿಲೋಗೆ 125 ಮಿಲಿಗ್ರಾಂ. ಅಷ್ಟು ಸಾಕು ಕೊಲ್ಲಲು. ಕಾಲು ಭಾಗ ಕೊಟ್ಟರೂ ಸುರಕ್ಷಿತವಲ್ಲ. ಮಕ್ಕಳ ಜ್ವರದ ಸಿರಪ್ ಕೂಡ ಅದೇ ಔಷಧ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಬೆಕ್ಕಿನ ಮೂತ್ರಪಿಂಡ ಮತ್ತು ಜಠರವನ್ನು ಹಾಳುಮಾಡುತ್ತವೆ. ಮನುಷ್ಯರಲ್ಲಿ ಕೆಲವು ಗಂಟೆಗಳಲ್ಲಿ ಇಳಿಯುವ ಆಸ್ಪಿರಿನ್ ಬೆಕ್ಕಿನ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಪಾಪ, ನೋವು ತಿನ್ನುತ್ತಿದೆ ಎಂಬ ಪ್ರೀತಿಯಿಂದಲೇ ಈ ಮಾತ್ರೆಗಳನ್ನು ಕೊಡಲಾಗುತ್ತದೆ. ಕಾಲಿನ ಉಳುಕಿನಿಂದ ಸಾಯದ ಬೆಕ್ಕು ಆ ಪ್ರೀತಿಯಿಂದ ಸಾಯುತ್ತದೆ. ಈಗಾಗಲೇ ಕೊಟ್ಟಾಗಿದ್ದರೆ ಮುಚ್ಚಿಡದೆ, ಮಾತ್ರೆಯ ಪಟ್ಟಿ ಹಿಡಿದುಕೊಂಡು ಕೂಡಲೇ ಹೋಗಬೇಕು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಫಲ.

ಹೊರಗೆ ಓಡಾಡುವ ಬೆಕ್ಕುಗಳು, ಅದರಲ್ಲೂ ಸಂತಾನಹರಣ ಚಿಕಿತ್ಸೆಯಾಗದ ಗಂಡುಬೆಕ್ಕುಗಳು ಕುಂಟಲು ಬಹು ಸಾಮಾನ್ಯವಾದ ಕಾರಣ ಕಾದಾಟದಲ್ಲಿ ಬಿದ್ದ ಕಡಿತ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು ಬಾಯಿಯ ಸೂಕ್ಷ್ಮಾಣುಗಳನ್ನು ಸ್ನಾಯುವಿನೊಳಗೆ ಬಿಟ್ಟುಬರುತ್ತದೆ. ಮೇಲಿನ ತೂತು ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ರಾತ್ರಿ ಜಗಳದ ಕೂಗು ಕೇಳಿದ ಎರಡು ಮೂರು ದಿನಕ್ಕೆ ಬೆಕ್ಕು ಕುಂಟುತ್ತದೆ, ಜ್ವರದಿಂದ ಮಂಕಾಗಿ ಊಟ ಬಿಡುತ್ತದೆ. ಕಾಲಿನ ಮೇಲೆ ಬಿಸಿಯಾದ ಮೆತ್ತನೆಯ ಬಾವು ಸಿಗುತ್ತದೆ, ಕೂದಲು ಸರಿಸಿದರೆ ಚಿಕ್ಕ ಹೆಕ್ಕಳೆ ಕಾಣುತ್ತದೆ. ಮನೆಯಲ್ಲಿ ಹಿಂಡಿದರೆ ಕೀವು ಇನ್ನೂ ಒಳಕ್ಕೆ ಹರಡುತ್ತದೆ. ಅರಿಶಿನ ಮೆತ್ತಿದರೆ ತೂತು ಮುಚ್ಚಿ ಕೀವಿಗೆ ದಾರಿಯೇ ಇಲ್ಲವಾಗಬಹುದು. ವೈದ್ಯರು ಬಾವನ್ನು ಕೊಯ್ದು, ತೊಳೆದು, ಕೀವು ಹರಿಯಲು ದಾರಿ ಬಿಟ್ಟು, ಆ್ಯಂಟಿಬಯಾಟಿಕ್ ಕೊಟ್ಟರೆ ಕೆಲವೇ ದಿನದಲ್ಲಿ ಬೆಕ್ಕು ಮೊದಲಿನಂತಾಗುತ್ತದೆ. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ ಹರಡುವುದೂ ಹೆಚ್ಚಾಗಿ ಕಡಿತದಿಂದಲೇ. ಹಾಗಾಗಿ ಪದೇ ಪದೇ ಕಾದಾಡಿ ಬರುವ ಬೆಕ್ಕಿಗೆ ರಕ್ತಪರೀಕ್ಷೆ ಮಾಡಿಸುವುದು, ಸಂತಾನಹರಣ ಚಿಕಿತ್ಸೆ ಮಾಡಿಸಿ ಕಾದಾಟವನ್ನೇ ತಗ್ಗಿಸುವುದು ಒಳಿತು.

ಹಳ್ಳಿಯ, ತೋಟದ ಬದಿಯ ಮನೆಗಳಲ್ಲಿ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಹಾವು ಕಚ್ಚಿದ ಕಾಲು ಹೆಚ್ಚಾಗಿ ಬೇಗನೆ ಊದುತ್ತದೆ, ಬಣ್ಣಗೆಡುತ್ತದೆ. ಕಟ್ಟು ಬಿಗಿಯುವುದು, ಕೊಯ್ಯುವುದು ಮಾಡದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಕೆಲವು ಇಲಿಪಾಷಾಣಗಳಲ್ಲಿ ಬ್ರೊಮಾಡಿಯೊಲೋನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಿರುತ್ತದೆ. ಅದನ್ನು ತಿಂದ ಬೆಕ್ಕಿಗೆ ಕೆಲವು ದಿನಗಳ ನಂತರ ಕೀಲಿನೊಳಗೆ ರಕ್ತ ಸೋರಿ ಕುಂಟು ಬರಬಹುದು. ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಪಾಷಾಣ ಇಟ್ಟಿದ್ದರೆ ಆ ಪೊಟ್ಟಣವನ್ನೇ ವೈದ್ಯರಿಗೆ ತೋರಿಸಬೇಕು. ಈ ಬಗೆಯ ವಿಷಕ್ಕೆ ವಿಟಮಿನ್ ಕೆ ಚಿಕಿತ್ಸೆಯಿದೆ.

ಮರಿಗಳ ಕುಂಟು ಬೇರೆಯೇ ವಿಷಯ. ಕ್ಯಾಲಿಸಿವೈರಸ್ ತಗುಲಿದ ಮರಿಗೆ ಜ್ವರ ಬಂದು, ಇಂದು ಒಂದು ಕಾಲು ನಾಳೆ ಇನ್ನೊಂದು ಎಂಬಂತೆ ಕುಂಟು ಕಾಲಿಂದ ಕಾಲಿಗೆ ಸರಿಯುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಲಸಿಕೆ ಹಾಕಿಸಿದ ನಂತರವೂ ಹೀಗೆ ಅಲ್ಪಕಾಲ ಆಗುವುದುಂಟು. ಇದಕ್ಕಿಂತ ಗಂಭೀರವಾದದ್ದು ಆಹಾರದ ತಪ್ಪು. ಮೂಳೆಯಿಲ್ಲದ ಬರೀ ಮಾಂಸ ಅಥವಾ ಮಾಂಸ ಕಲಸಿದ ಅನ್ನದಲ್ಲೇ ಬೆಳೆದ ಮರಿಗೆ ರಂಜಕ ಹೆಚ್ಚು, ಸುಣ್ಣದಂಶ ತೀರ ಕಡಿಮೆ ಸಿಗುತ್ತದೆ. ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಅಂಥ ಮರಿ ಸೋಫಾದಿಂದ ಇಳಿದರೂ ಮೂಳೆ ಬಾಗಿ ಮುರಿಯಬಹುದು. ಕೋಳಿ ಲಿವರ್ ಅಗ್ಗವೆಂದು ದಿನವೂ ಅದನ್ನೇ ಹಾಕಿದ ದೊಡ್ಡ ಬೆಕ್ಕಿನಲ್ಲಿ ವಿಟಮಿನ್ ಎ ಅತಿಯಾಗಿ ಕತ್ತಿನ ಮೂಳೆಗಳು ಬೆಸೆದುಕೊಂಡು ಮುಂಗಾಲು ಕುಂಟುತ್ತದೆ. ಎರಡಕ್ಕೂ ಔಷಧಕ್ಕಿಂತ ಮೊದಲು ತಟ್ಟೆಯನ್ನು ಸರಿಪಡಿಸಬೇಕು.

ಮುದಿ ಬೆಕ್ಕಿನ ಕುಂಟು ಮೇಲ್ನೋಟಕ್ಕೆ ಮಾತ್ರ ಇದ್ದಕ್ಕಿದ್ದಂತೆ ಬಂದದ್ದು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 90ಕ್ಕೆ ಕೀಲುಗಳ ಸವೆತದ ಗುರುತಿತ್ತು. ಬೆಕ್ಕು ಕಪಾಟು ಹತ್ತುವುದನ್ನು ಬಿಟ್ಟದ್ದು, ಮೈ ನೆಕ್ಕಿಕೊಳ್ಳದೆ ಬೆನ್ನ ರೋಮ ಗಂಟುಗಟ್ಟಿದ್ದು, ಮಲಮೂತ್ರಕ್ಕೆ ಇಟ್ಟ ಮಣ್ಣಿನ ತಟ್ಟೆಯ ಹೊರಗೆ ಮಲ ಮಾಡಿದ್ದು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡಲಾಗುತ್ತದೆ. ಇದು ನೋವು, ಇದಕ್ಕೆ ಚಿಕಿತ್ಸೆ ಇದೆ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುವಂತೆ ನಡೆಯುವ ದಪ್ಪ ಬೆಕ್ಕಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಬೇಕು. ವಾಸಿಯಾಗದೆ ಊದಿದ ಬೆರಳು, ಗಟ್ಟಿಯಾದ ಗಂಟು ಇದ್ದರೆ ಗಡ್ಡೆಯ ಅನುಮಾನ ಬರಬೇಕು. ಬೆಕ್ಕುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬೆರಳುಗಳಿಗೆ ಹರಡುವುದುಂಟು.

ಹಾಗಾದರೆ ಕಾಯಬಹುದಾದದ್ದು ಯಾವಾಗ? ಬೆಕ್ಕು ಕಾಲನ್ನು ಸ್ವಲ್ಪವಾದರೂ ಊರುತ್ತಿದ್ದು, ಊಟ ಮಾಡುತ್ತಿದ್ದು, ಮೂತ್ರ ಸರಿಯಾಗಿ ಆಗುತ್ತಿದ್ದು, ಬಾವು, ಗಾಯ, ಜ್ವರ ಇಲ್ಲದಿದ್ದರೆ 24 ಗಂಟೆ ಒಂದೇ ಕೋಣೆಯಲ್ಲಿ ವಿಶ್ರಾಂತಿ ಕೊಟ್ಟು ನೋಡಬಹುದು. ಸಣ್ಣ ಉಳುಕಾದರೆ ಅಷ್ಟರಲ್ಲಿ ಸುಧಾರಣೆ ಕಾಣುತ್ತದೆ. ಕಾಣದಿದ್ದರೆ, ಅಥವಾ ಒಂದು ದಿನ ಪೂರ್ತಿ ಊಟ ಬಿಟ್ಟರೆ, ತೋರಿಸಬೇಕು.

ಒಯ್ಯುವಾಗ ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಆಟೋ ಹತ್ತಬಾರದು. ಮೇಲ್ಭಾಗ ತೆರೆಯುವ ಪೆಟ್ಟಿಗೆಯೋ ಮುಚ್ಚಳವಿರುವ ಬುಟ್ಟಿಯೋ, ಒಳಗೆ ಮಡಚಿದ ಬಟ್ಟೆ, ಮೇಲೆ ಹೊದಿಕೆ. ಮುರಿದಿದೆ ಎನಿಸಿದ ಕಾಲಿಗೆ ಮನೆಯಲ್ಲಿ ಪಟ್ಟಿ ಕಟ್ಟುವುದು ಬೇಡ, ಅದು ಜಾರಿ ಮುರಿತದ ತುದಿಯನ್ನೇ ಅಲುಗಿಸುತ್ತದೆ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವ ನಾಟಿ ಕಟ್ಟಿಗೂ ಒಯ್ಯಬಾರದು. ಬೆಕ್ಕಿನ ತೆಳ್ಳಗಿನ ಕಾಲಿನಲ್ಲಿ ರಕ್ತಸಂಚಾರ ನಿಂತು ಪಾದವೇ ಕೊಳೆಯಬಹುದು. ಅರಿವಳಿಕೆ ಬೇಕಾಗಬಹುದಾದ್ದರಿಂದ ಗಾಯಗೊಂಡ ಬೆಕ್ಕಿಗೆ ಹೊರಡುವ ಮುನ್ನ ಊಟ ಹಾಕದಿರುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು, ಬೀದರ್, ಶಿವಮೊಗ್ಗ, ಹಾಸನದ ಕಾಲೇಜುಗಳು ಬೋಧನಾ ಆಸ್ಪತ್ರೆಗಳನ್ನು ನಡೆಸುತ್ತವೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ದನಕರುಗಳ ಕೆಲಸವೇ ಹೆಚ್ಚಾದರೂ ನೋವು ತಗ್ಗಿಸುವ ಮೊದಲ ಚಿಕಿತ್ಸೆ ಅಲ್ಲಿಯೂ ಸಿಗುತ್ತದೆ. ಎಕ್ಸ್‌ರೇಗೆ ಮುಂದೆ ಹೋಗುವುದು ಆಮೇಲಿನ ಮಾತು.

ಮೂಳೆ ಮುರಿದ ಬೆಕ್ಕಿಗೆ ಮನೆಗೆ ಬಂದ ಮೇಲೆ ಬೇಕಾದದ್ದು ಕಟ್ಟುನಿಟ್ಟಿನ ವಿಶ್ರಾಂತಿ. ದೊಡ್ಡ ಬೆಕ್ಕಿಗೆ ಆರರಿಂದ ಎಂಟು ವಾರ, ಮರಿಗೆ ಅದಕ್ಕಿಂತ ಕಡಿಮೆ. ದೊಡ್ಡ ಪಂಜರದಲ್ಲಿ ಅಂಚು ತಗ್ಗಾದ ಮಣ್ಣಿನ ತಟ್ಟೆ, ನೀರು, ಹಾಸಿಗೆ ಇಟ್ಟರೆ ಸಾಕು. ನೋವು ಇಳಿದ ಎರಡನೆಯ ವಾರಕ್ಕೇ ಬೆಕ್ಕು ಹೊರಗೆ ಬಿಡಿ ಎಂದು ಅರಚುತ್ತದೆ, ಮನೆಯವರ ಮನಸ್ಸು ಕರಗುತ್ತದೆ. ಕೂಡಿಕೊಳ್ಳುತ್ತಿದ್ದ ಮೂಳೆ ಮತ್ತೆ ಬೇರ್ಪಡಬಹುದಾದದ್ದು ಹೀಗೆ ಬೇಗ ಹೊರಗೆ ಬಿಟ್ಟಾಗಲೇ. ಕಟ್ಟಿದ ಪಟ್ಟಿಯ ಕೆಳಗಿನ ಬೆರಳುಗಳನ್ನು ದಿನವೂ ನೋಡಬೇಕು. ಊದಿದರೆ, ತಣ್ಣಗಾದರೆ, ದುರ್ವಾಸನೆ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಬೇಕು. ಕಾಲನ್ನು ಉಳಿಸಲಾಗದೆ ತೆಗೆಯಬೇಕಾಗಿ ಬಂದಾಗ ಅನೇಕರು ಅದಕ್ಕಿಂತ ಸಾವೇ ಲೇಸು ಎಂದುಕೊಳ್ಳುತ್ತಾರೆ. ಅದು ಮನುಷ್ಯರ ದುಃಖ. ಮೂರು ಕಾಲಿನ ಬೆಕ್ಕು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ನಡೆಯಲು, ಹತ್ತಲು, ಆಡಲು ಕಲಿಯುತ್ತದೆ. ತೂಕ ಏರದಂತೆ ನೋಡಿಕೊಳ್ಳುವುದು, ಎತ್ತರಕ್ಕೆ ಹೋಗಲು ನಡುವೆ ಒಂದು ಮೆಟ್ಟಿಲಿಡುವುದು, ತೆಗೆದದ್ದು ಹಿಂಗಾಲಾದರೆ ಆ ಬದಿಯ ಕಿವಿಯನ್ನು ಬೆಕ್ಕು ಕೆರೆದುಕೊಳ್ಳಲಾರದಾದ್ದರಿಂದ ಅದನ್ನು ಆಗಾಗ ಮೆಲ್ಲಗೆ ಒರೆಸಿ ಕೆರೆದುಕೊಡುವುದು, ಇಷ್ಟೇ ಅದಕ್ಕೆ ಬೇಕಾದ ಹೆಚ್ಚಿನ ಆರೈಕೆ.